ಮಜಾಮಾ ಎಂಬ ಉತ್ತರ

ವಡೋದರಾಕ್ಕೆ ಬಂದ ಹೊಸತರಲ್ಲಿ ಗಿರಾಕಿಯೊಬ್ಬರು ನನ್ನ ದೋಸೆ ಕಲ್ಲಿನ ಎದುರು ನಿಂತು "ಕೇಮ್ ಛೋ? ಮಜಾಮಾ?" ಎಂದು ನಗುತ್ತಾ ಕೇಳಿದರು. ನನಗೆ ಸಿಟ್ಟು ನೆತ್ತಿಗೇರಿತು. ಬೆವರಿಳಿಸಿಕೊಂಡು ನಿಂತವನನ್ನು ಮಜಾ ಮಾಡುತ್ತಿದ್ದೀಯಾ ಎಂದು ಕೇಳುವುದೇ? ನಾನು ಇಲ್ಲಿಗೆ ಬಂದದ್ದು ದುಡಿಯಲಿಕ್ಕೆ, ಮಜಾ ಮಾಡಲಿಕ್ಕಲ್ಲ ಎಂದು ಹರಕು ಹಿಂದಿಯಲ್ಲಿ ಹೇಳಿಯೇಬಿಟ್ಟೆ. ಆ ಮನುಷ್ಯ ತಬ್ಬಿಬ್ಬಾಗಿ ಹೋಗಿ ಕುಳಿತರು.

ಹೋಟೆಲಿನಲ್ಲಿ ಸಪ್ಲಾಯರುಗಳ ಮೇಲ್ವಿಚಾರಣೆ ನೋಡುತ್ತಿದ್ದವನು ನಮ್ಮ ಕುಂದಾಪುರದ ಕಡೆಯವನೇ, ನನಗಿಂತ ಕಿರಿಯ. ಹೊಟ್ಟೆ ಹಿಡಿದುಕೊಂಡು ನಕ್ಕ. "ಅಣ್ಣ, ಅದ್ ಬೈದದ್ದಲ್ಲ. ಹ್ಯಾಂಗಿದ್ರಿ, ಚೆಂದ ಇದ್ರ್ಯಾ ಅಂದೇಳಿ ಕೇಂಡದ್ದ್. ನೀವೂ ಮಜಾಮಾ ಅನ್ನಿ, ಮುಗೀತ್."

ಮುಗೀತ್ ಎಂದನಲ್ಲ, ಅದು ನನಗೆ ಹಿಡಿಸಿತು. ಒಂದೇ ಶಬ್ದ. ಆಮೇಲೆ ಯಾರೂ ಮುಂದೆ ಕೇಳುವುದಿಲ್ಲ.

ಬಾಯಿ ಬಿಗಿಹಿಡಿಯುವುದನ್ನು ನಾನು ಕಲಿತದ್ದು ಶಾಲೆಯಲ್ಲಿ. ಆರನೇ ಕ್ಲಾಸಿನಲ್ಲಿ ಮನೆಯ ಕಷ್ಟವನ್ನು ಮೇಷ್ಟ್ರ ಹತ್ತಿರ ಗುಟ್ಟಾಗಿ ಹೇಳಿದ್ದೆ. ಒಳ್ಳೆಯ ಮನುಷ್ಯರು ಅವರು. ಮರುದಿನ ಅದನ್ನು ಇಡೀ ಕ್ಲಾಸಿಗೆ ವಿವರಿಸಿ, ಎಲ್ಲರೂ ನೋಡುತ್ತಿರುವಾಗ ನನಗೊಂದು ಅಂಗಿ ಕೊಟ್ಟರು. ಆ ಅಂಗಿ ತೊಟ್ಟುಕೊಂಡು ಶಾಲೆಗೆ ಹೋಗುವುದು ನನ್ನಿಂದಾಗಲಿಲ್ಲ. ಮತ್ತೆ ಹೋಗಲೇ ಇಲ್ಲ.

ನಮ್ಮ ಹೋಟೆಲು ಇದ್ದದ್ದು ಫತೇಗಂಜ್‌ನಲ್ಲಿ. ಹಾಸ್ಟೆಲ್ಲಿನ ಹುಡುಗರು ತಂಡತಂಡವಾಗಿ ಬರುತ್ತಿದ್ದರು. ಒಂದೇ ಕಲ್ಲಿನ ಮೇಲೆ ಒಮ್ಮೆಗೆ ಎಂಟು ದೋಸೆ ಹೊಯ್ದು, ಒಂದನ್ನೂ ಸೀಯಿಸದೆ ಎತ್ತುತ್ತಿದ್ದವನು ನಾನು. ನಮ್ಮ ಧಣಿಗಳೂ ಊರಿನವರೇ. ಆದರೆ ಗುಜರಾತಿನಲ್ಲಿ ಬಹಳ ಕಾಲ ಇದ್ದು, ಬೆಳಿಗ್ಗೆ ಬಾಗಿಲು ತೆಗೆಸುವಾಗ ನಮ್ಮನ್ನೂ "ಕೇಮ್ ಛೋ?" ಎಂದೇ ಮಾತನಾಡಿಸುವರು. ನಾನು ಕಲ್ಲು ಒರೆಸುತ್ತಲೇ "ಮಜಾಮಾ" ಎನ್ನುತ್ತಿದ್ದೆ. ಮೇಲ್ವಿಚಾರಣೆಯವನು ಮಾತ್ರ ಧಣಿಗಳು ದುಡ್ಡು ಎಣಿಸುವ ಗಲ್ಲೆಗೆ ಒರಗಿ ನಿಂತು, ಊರಿನಲ್ಲಿದ್ದ ಹೆಂಡತಿಯ ಉಬ್ಬಸ, ಅತ್ತೆಯ ಕಿರಿಕಿರಿ, ಮಗನ ಕಿವಿ ಸೋರುವುದು ಎಲ್ಲವನ್ನೂ ಅವರಿಗೆ ಒಪ್ಪಿಸುತ್ತಿದ್ದ. ಮನೆಯ ಮಾತನ್ನು ಗಲ್ಲೆಯ ಹತ್ತಿರ ಹರಡುವವನ ಬಗ್ಗೆ ನನಗೆ ಒಳಗೊಳಗೇ ತಾತ್ಸಾರವಿತ್ತು. ಅವನೂ ಬಿಡುತ್ತಿರಲಿಲ್ಲ. "ಅಣ್ಣ, ಕಲ್ಲಿನ ಎದ್ರ್ ನಿಂತ್ ನಿಂತ್ ನೀವೂ ಕಲ್ಲೇ ಆದ್ರಿ" ಎನ್ನುವನು.

ತೊಂಬತ್ತರ ದಶಕದ ನಡುವಿನಲ್ಲಿ ಧಣಿಗಳು ಸೂರತ್ತಿನ ವರಾಛಾದಲ್ಲಿ ಇನ್ನೊಂದು ಹೋಟೆಲು ಹಿಡಿದರು. ವಜ್ರ ಉಜ್ಜುವ ಕೆಲಸಗಾರರು ಗಿಜಿಗುಡುವ ಜಾಗ. ಅದನ್ನು ನೋಡಿಕೊಳ್ಳುವವನಿಗೆ ಹಿಂಬದಿಯಲ್ಲಿ ಎರಡು ಕೋಣೆ, ಒಂದು ಅಡುಗೆಮನೆ; ಸಂಸಾರ ತಂದಿಟ್ಟುಕೊಳ್ಳಬಹುದು. ನಾವೆಲ್ಲ ವಡೋದರಾದಲ್ಲಿ ಹೋಟೆಲಿನ ಅಟ್ಟದಲ್ಲಿ ಸಾಲಾಗಿ ಮಲಗುವವರು. ನನ್ನ ಹೆಂಡತಿ, ಮಗಳು ಊರಿನಲ್ಲಿ. ಹಿಂದಿನ ಸಲ ರಜೆಯಲ್ಲಿ ಹೋಗಿದ್ದಾಗ ಮಗಳು ಒಳಗೆ ತಾಯಿಯನ್ನು "ಅಮ್ಮಾ, ಇವ್ರ್ ಯಾವಾಗ ಹೋಪುದು?" ಎಂದು ಕೇಳಿದ್ದು ನನಗೆ ಕೇಳಿಸಿತ್ತು. ಆ ಎರಡು ಕೋಣೆ ನನಗೆ ಬೇಕಿತ್ತು. ಅಷ್ಟು ಬೇಕೆಂದು ನಾನು ಯಾವುದನ್ನೂ ಬಯಸಿದವನಲ್ಲ.

ಬಾಯಿಬಿಟ್ಟು ಕೇಳಲಿಲ್ಲ. ಕೆಲಸವೇ ಹೇಳುತ್ತದೆ ಎಂದುಕೊಂಡೆ. ಹೆಂಡತಿಗೂ ತಿಳಿಸಲಿಲ್ಲ, ಆದ ಮೇಲೆ ಹೇಳೋಣ ಎಂದು.

ಸೂರತ್ತಿಗೆ ಹೊರಟವನು ಮೇಲ್ವಿಚಾರಣೆಯವನು. ಮಧ್ಯಾಹ್ನ ಜನ ಕಡಿಮೆಯಾದ ಮೇಲೆ ನಾನು ಗಲ್ಲೆಯ ಹತ್ತಿರ ಹೋಗಿ ನಿಂತೆ.

"ಅವನನ್ನೇ ಕಳ್ಸುದಾ ಧಣಿ?"

"ಹೌದ್ ಮಾರಾಯ. ಹೆಂಡ್ತಿಗೆ ಉಬ್ಬಸ, ಮಕ್ಳ್ ಸಣ್ಣವು. ಒಟ್ಟಿಗೆ ಇರ್ಲಿ ಪಾಪ."

"ನಂಗೂ ಸಂಸಾರ ಇತ್ತಲ್ಲ."

"ಇತ್ತ್ ಅಂದೇಳಿ ಒಂದಿನ ಆದ್ರೂ ಹೇಳಿದ್ಯಾ? ಯಾವಾಗ ಕೇಂಡ್ರೂ ಮಜಾಮಾ! ಮಜದಲ್ಲಿ ಇದ್ದವನನ್ನ ಎಬ್ಸಿ ಕಳ್ಸುಕೆ ನಂಗೆಂತ ಮರ್ಳಾ?" ಎಂದು ನಕ್ಕರು. ಆಮೇಲೆ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ, ದನಿ ತಗ್ಗಿಸಿ, "ಈಗ್ಲಾದ್ರೂ ಹೇಳ್. ನಿಂಗ್ ಬೇಕಿತ್ತಾ?" ಎಂದರು.

ಇಬ್ಬರು ಸಪ್ಲಾಯರುಗಳು ಟೇಬಲ್ ಒರೆಸುವುದನ್ನು ನಿಲ್ಲಿಸಿ ನಮ್ಮತ್ತಲೇ ನೋಡುತ್ತಿದ್ದರು. "ಇಲ್ಲ, ಸುಮ್ನೆ ಕೇಂಡದ್ದ್" ಎಂದು ವಾಪಸು ಬಂದು ಕಲ್ಲಿನ ಮೇಲೆ ನೀರು ಚಿಮುಕಿಸಿದೆ.

ಆ ಭಾನುವಾರ ಎಸ್‌ಟಿಡಿ ಬೂತಿನಿಂದ, ಊರಿನಲ್ಲಿ ಮನೆಯ ಹತ್ತಿರದ ಅಂಗಡಿಗೆ ಫೋನು ಮಾಡಿದೆ. ಹೆಂಡತಿಯನ್ನು ಕರೆದರು. ಮೇಲ್ವಿಚಾರಣೆಯವನ ಸುದ್ದಿ ಅವಳಿಗೆ ಆಗಲೇ ಮುಟ್ಟಿತ್ತು.

"ಅವ್ರ್ ಮನೆಯವ್ರೆಲ್ಲ ಸೂರತ್ತಿಗ್ ಹೊರ್ಟ್ರ್ ಅಂಬ್ರಲ್ಲ?"

"ಹೌದ್. ಅದ್ ನಂಗೆ ಸಿಕ್ಕುತ್ತ್ ಅಂದ್ಕಂಡಿದ್ದೆ. ನಿಮ್ಮಿಬ್ರನ್ನೂ ಕರ್ಕಂಡ್ ಬಪ್ಪ ಅಂತಿದ್ದೆ."

"ನಮ್ಮನ್ನಾ?" ಎಂದಳು. ತಪ್ಪಿ ಬಂದ ಫೋನು ಎತ್ತಿದವಳ ಹಾಗಿತ್ತು ಆ ದನಿ. "ನಿಮ್ಗ್ ಒಬ್ರೇ ಇಪ್ಪುದೇ ಹಿತ ಅಂದ್ಕಂಡಿದ್ದೆ ನಾನ್. ಮಗಳಿಗೂ ಹಾಂಗೇ ಹೇಳಿ ಸಮಾಧಾನ ಮಾಡಿದ್ದೆ" ಎಂದಳು.

ಫೋನು ಮಗಳಿಗೆ ಕೊಡು ಎಂದೆ. ಅವಳು ಬಂದು "ಹಾಂ, ಹೇಳಿ" ಎಂದಳು. ಊಟ ಆಯ್ತಾ ಎಂದು ಕೇಳಿದೆ. ಆಯ್ತ್ ಎಂದಳು.

"ಮತ್ತೆಂತ ವಿಶೇಷ ಮಗಾ?"

"ಎಂತದೂ ಇಲ್ಲೆ" ಎಂದು ಫೋನನ್ನು ಅಂಗಡಿಯವರ ಕೈಗೆ ಕೊಟ್ಟಳು.