ತಿರುಗಿ ಕರೆಯಲಾರದವರ ಊಟ

ನಮ್ಮ ಬಳಗದಲ್ಲಿ ಕ್ರಿಸ್ಮಸ್ ಊಟಕ್ಕೆ ಪಾಳಿ ಇತ್ತು. ಒಂದು ವರ್ಷ ಗೋಕಾಕ ಫಾಲ್ಸಿನ ಕಾಕಾನ ಮನೆ, ಮರುವರ್ಷ ಹುಕ್ಕೇರಿಯ ಅತ್ತೆಯ ಮನೆ, ಅದರ ಮರುವರ್ಷ ಮೂಡಲಗಿ ಹತ್ತಿರದ ಹಳ್ಳಿಯಲ್ಲಿ ನಮ್ಮ ಮನೆ. ಅಪ್ಪ ತೀರಿಕೊಂಡ ಮೇಲೆ ಅವ್ವ ಊರಿನ ಸಾಲಿಯಲ್ಲಿ ಬಿಸಿಯೂಟದ ಅಡುಗೆ ಮಾಡಿ ನನ್ನನ್ನೂ ತಮ್ಮನನ್ನೂ ಓದಿಸಿದವಳು. ಇನ್ನೂರು ಮಕ್ಕಳಿಗೆ ದಿನಾ ಬೇಯಿಸುವ ಕೈಗೆ ಬಂಧುಗಳ ಊಟ ಒಂದು ಲೆಕ್ಕವೇ ಅಲ್ಲ. ಆದರೂ ತನ್ನ ಪಾಳಿ ಬಂದರೆ ಆರು ತಿಂಗಳ ಮೊದಲೇ ಎರಡು ಹೋತದ ಮರಿ ಕಟ್ಟಿ ಸಾಕುತ್ತಿದ್ದಳು.

ನಾನು ಹೇಳುವ ವರ್ಷ ಅವಳ ಪಾಳಿಯೇ ಇತ್ತು. ನಾನಾಗ ಗೋಕಾಕದ ಒಂದು ಆಸ್ಪತ್ರೆಯಲ್ಲಿ ನರ್ಸ್ ಆಗಿ ಸೇರಿ ಒಂದೆರಡು ವರ್ಷ ಆಗಿತ್ತು. ಡಿಸೆಂಬರಿನ ಮೊದಲ ಭಾನುವಾರ ರಜೆ ಹಾಕಿ ಊರಿಗೆ ಬಂದಿದ್ದೆ. ಅಂದು ದೇವಾಲಯದಲ್ಲಿ ಸಭಾಪಾಲಕರು, ಔತಣ ಮಾಡುವಾಗ ತಿರುಗಿ ಕರೆಯಬಲ್ಲ ಬಂಧುಗಳನ್ನು ಕರೆಯಬೇಡ, ತಿರುಗಿ ಕರೆಯಲಾರದ ಬಡವರನ್ನು ಕರೆ, ನೀತಿವಂತರು ಸಾವಿನಿಂದ ಎದ್ದುಬರುವ ದಿನ ನಿನಗೆ ಅದರ ಫಲ ಸಿಗುತ್ತದೆ ಎಂದು ಯೇಸು ಹೇಳಿದ ಭಾಗವನ್ನು ಓದಿದರು. ನಾನು ಎಷ್ಟೋ ಸಲ ಕೇಳಿದ ಮಾತು. ಅವ್ವ ಮಾತ್ರ ಮನೆಗೆ ಹೋಗುವಾಗ ನನ್ನನ್ನು ಹಿಂದೆ ಬಿಟ್ಟು ಬಿರಬಿರನೆ ನಡೆದಳು.

“ಇಷ್ಟ ವರ್ಷ ಕೇಳೇನಿ, ಒಮ್ಮಿನೂ ಮಾಡಿಲ್ಲ,” ಅಂದಳು.

“ಏನ್ ಮಾಡಿಲ್ಲಬೇ?”

“ಕಾಲುವಿ ದಂಡಿಮ್ಯಾಲ ಕಬ್ಬ ಕಡಿಯೂ ಗ್ಯಾಂಗ್ ಬಂದ ಇಳದೈತಲ್ಲ, ಅವರನ್ನ ಊಟಕ್ಕ ಕರೀತೇನಿ.”

ಪ್ರತಿ ವರ್ಷ ಸಕ್ಕರೆ ಕಾರ್ಖಾನೆ ಶುರುವಾಗುವ ಹೊತ್ತಿಗೆ ಮಹಾರಾಷ್ಟ್ರದ ಬೀಡ್ ಕಡೆಯಿಂದ ಈ ಜನ ಬರುತ್ತಾರೆ, ಕಬ್ಬಿನ ಸೋಗೆ ಹೊದಿಸಿದ ಗುಡಿಸಲಲ್ಲಿ ನಾಲ್ಕೈದು ತಿಂಗಳು ಇದ್ದು ಹೋಗುತ್ತಾರೆ. ಅವರನ್ನು ನೋಡಿಯೇ ನಾನು ಬೆಳೆದವಳು. ಅವರಲ್ಲಿ ಒಬ್ಬರೂ ನಮ್ಮ ಹೊಸ್ತಿಲು ದಾಟಿದ್ದು ಕಂಡಿರಲಿಲ್ಲ.

ಸಂಜೆ ಕಾಕಾನ ಫೋನು ಬಂತು. ಗಿರಣಿಯಲ್ಲಿ ದುಡಿದು ನಿವೃತ್ತರಾದ ಕಾಕಾಗೆ ಅವ್ವನ ಕೈಯ ಮಟನ್ ಸಾರೆಂದರೆ ಜೀವ. ಸುದ್ದಿ ಕೇಳಿ, “ಅಂದ್ರ ನಾವು ಬರೂದು ಬ್ಯಾಡೇನ್ರಿ ವೈನಿ?” ಎಂದು ಅತ್ತಿಗೆಯನ್ನು ಕೇಳಿದರು.

“ಬರ್ರಿ. ಬ್ಯಾಡ ಅಂದವರ್ಯಾರು? ಈ ಸಲ ಉಣ್ಣಾಕಲ್ಲ, ಬಡಸಾಕ ಬರ್ರಿ.”

ಮರುದಿನ ನಾನೂ ಅವ್ವನೂ ಕಾಲುವೆ ದಂಡೆಗೆ ಹೋದೆವು. ಅವರ ಮರಾಠಿ ನಮಗೆ, ನಮ್ಮ ಕನ್ನಡ ಅವರಿಗೆ ಚೆನ್ನಾಗಿಯೇ ತಿಳಿಯುತ್ತಿತ್ತು. ಗುಡಿಸಲ ಮುಂದೆ ಜೋಳದ ಭಾಕ್ರಿ ತಟ್ಟುತ್ತಿದ್ದ ಒಬ್ಬ ಮುದುಕಿ ಕೈ ನಿಲ್ಲಿಸಿ, ಯಾರದಾದರೂ ಲಗ್ನ ಇದೆಯೇ ಎಂದು ಕೇಳಿದಳು. ಯೇಸು ಹುಟ್ಟಿದ ದಿನ ಎಂದು ಅವ್ವ ಹೇಳಿದಳು. ಮುದುಕಿಗೆ ಸಮಾಧಾನವಾಗಲಿಲ್ಲ. ಊಟ ಹಾಕಿ ಏನೋ ಕೇಳುವವರನ್ನು ಅವಳು ಬೇಕಾದಷ್ಟು ನೋಡಿದ್ದಳೇನೋ.

“ನಮ್ಮ ಕಡಿಂದ ನಿಮಗ ಏನ ಬೇಕು?”

“ಹಸಿವಿ ಬೇಕು. ಹಸಕೊಂಡ ಬರ್ರಿ.”

ಮುದುಕಿ ನಕ್ಕುಬಿಟ್ಟಳು. ಅವರ ಮುಕಾದಮ, ಅಂದರೆ ಗ್ಯಾಂಗಿನ ಮುಖ್ಯಸ್ಥ, ಹಬ್ಬದ ದಿನ ಕಾರ್ಖಾನೆಗೆ ಸೂಟಿ ಇಲ್ಲ, ಆದರೂ ಮಧ್ಯಾಹ್ನ ಒಂದು ತಾಸು ಬಿಡುತ್ತೇನೆ ಎಂದ.

ಹಬ್ಬದ ಹಿಂದಿನ ದಿನ ನಮ್ಮ ಬಾಜೂ ಮನೆಯ ಗೌಡತಿ ಒಂದು ಚೀಲ ಗೋಧಿಯನ್ನೂ ಎರಡು ಪೆಂಟಿ ಬೆಲ್ಲವನ್ನೂ ಆಳಿನ ತಲೆಯ ಮೇಲೆ ಹೊರಿಸಿಕೊಂಡು ಬಂದರು. “ಇದಕ್ಕ ನಮ್ಮೊಳಗ ದಾಸೋಹ ಅಂತಾರ್ರಿ. ಹುಗ್ಗಿ ನಮ್ಮ ಮನ್ಯಾಗ ಮಾಡ್ತೇನಿ. ಮಟನ್ ತಿನ್ನದವರೂ ಇರ್ತಾರಲ್ಲ,” ಅಂದರು. ಅವ್ವನಿಗೆ ಅದು ಹೊಳೆದೇ ಇರಲಿಲ್ಲ.

ಕ್ರಿಸ್ಮಸ್ ದಿನ ಆರಾಧನೆ ಮುಗಿಸಿ ಬರುವಷ್ಟರಲ್ಲಿ ಅಂಗಳ ತುಂಬಾ ಮಸಾಲೆಯ ವಾಸನೆ. ಕಾಕಾ ಬಿಳಿ ಪ್ಯಾಂಟು ಹಾಕಿಕೊಂಡು, ಕೈತುಂಬ ಗೋಕಾಕ ಕರದಂಟಿನ ಡಬ್ಬಿ ಹಿಡಿದುಕೊಂಡು ಬಂದಿದ್ದರು. ಹುಕ್ಕೇರಿಯ ಅತ್ತೆ ಹೊಸ ರೇಷ್ಮೆ ಸೀರೆಗೆ ಕಲೆಯಾಗದಂತೆ ಒಲೆಯಿಂದ ದೂರ ನಿಂತು ಸಲಹೆ ಕೊಡುತ್ತಿದ್ದಳು. ಚಾಪೆ ಹಾಸಿ, ಪತ್ರಾವಳಿ ಇಟ್ಟು, ನೀರು ತುಂಬಿ ಕಾದೆವು. ಹನ್ನೆರಡಾಯಿತು, ಒಂದಾಯಿತು. ಯಾರೂ ಬರಲಿಲ್ಲ. ಪರೀಕ್ಷೆಯ ಫಲಿತಾಂಶಕ್ಕೆ ಕೂಡ ನಾನು ಹಾಗೆ ಕಾದವಳಲ್ಲ.

“ಬರೂದಿಲ್ಲ ಬಿಡ್ರಿ ವೈನಿ. ಅಂಜಿರ್ತಾರ,” ಎಂದರು ಕಾಕಾ, ಸಾರಿನ ಕಡೆ ನೋಡುತ್ತ.

ಅವ್ವ ತಮ್ಮನನ್ನು ಬೈಕಿನ ಮೇಲೆ ಅಟ್ಟಿದಳು. ಅವನು ಹತ್ತು ನಿಮಿಷದಲ್ಲಿ ತಿರುಗಿ ಬಂದ. ಕಾಲುವೆ ನೀರು ಜಿನುಗಿ ಹೊಲದ ದಾರಿ ಕೆಸರಾಗಿ, ಕಬ್ಬು ತುಂಬಿದ ಟ್ರೇಲರಿನ ಗಾಲಿ ಹೂತುಹೋಗಿತ್ತಂತೆ. ಹೇರಿದ್ದನ್ನೆಲ್ಲ ಇಳಿಸಿ, ಗಾಲಿ ಎತ್ತಿ, ಈಗ ಮತ್ತೆ ಹೇರುತ್ತಿದ್ದಾರೆ. ಸಂಜೆಯೊಳಗೆ ಕಾರ್ಖಾನೆ ಮುಟ್ಟದಿದ್ದರೆ ಅವರ ಸರದಿ ಹೋಗುತ್ತದೆ. ಬರುವ ಆಸೆ ಎಲ್ಲರಿಗೂ ಇದೆ, ಬರಲು ಆಗುವುದಿಲ್ಲ.

ಅವ್ವ ಹಂಡೆಯ ಬಾಯಿ ಮುಚ್ಚಿದಳು. “ಅವರಿಗೆ ಬರಾಕ ಆಗದಿದ್ರ ಊಟಾನ ಅಲ್ಲಿಗೆ ಹೋಗ್ಲಿ. ಏಳ್ರಿ ಎಲ್ಲಾರೂ.”

ಗೌಡತಿಯ ಮನೆಯ ಟ್ರಾಕ್ಟರ್ ಬಂತು. ಹಂಡೆ, ರೊಟ್ಟಿಯ ಬುಟ್ಟಿ, ಹುಗ್ಗಿಯ ಬೋಗೋಣಿ, ಅವುಗಳ ನಡುವೆ ಹೊಸ ಬಟ್ಟೆಯ ನಾವು ಇಪ್ಪತ್ತು ಮಂದಿ. ಸಾರು ತುಳುಕದಂತೆ ಹಂಡೆಯನ್ನು ಅಪ್ಪಿಕೊಂಡು ಕುಳಿತ ಅತ್ತೆಗೆ ರೇಷ್ಮೆ ಸೀರೆ ಮರೆತೇಹೋಗಿತ್ತು. ಯಾರೋ ಹಬ್ಬದ ಹಾಡು ಎತ್ತಿದರು. ದಾರಿಯ ಕುಳಿಗೆ ಟ್ರಾಕ್ಟರ್ ನೆಗೆದಾಗೆಲ್ಲ ಹಾಡೂ ನೆಗೆಯುತ್ತಿತ್ತು.

ಹೊಲ ಮುಟ್ಟಿದಾಗ ಮುಕಾದಮನ ಮುಖ ಅರಳಿತು, ಮತ್ತೆ ಬಾಡಿತು. “ಊಟಾ ತಂದದ್ದ ಭಾಳ ಚಲೋ ಆತ್ರಿ. ಆದ್ರ ಕೆಲಸಾ ನಿಂದ್ರಸಾಕ ಬರೂದಿಲ್ಲ.”

ಕಾಕಾ ಒಮ್ಮೆ ಟ್ರೇಲರನ್ನು ನೋಡಿದರು, ಒಮ್ಮೆ ಕೆಳಗೆ ಬಿದ್ದಿದ್ದ ಕಬ್ಬಿನ ಹೊರೆಗಳನ್ನು. ಬೂಟು ಕಳಚಿ, ಪ್ಯಾಂಟು ಮಡಚಿ, “ನಿಂದ್ರಸೂದ್ಯಾಕ? ನಾವು ಹೇರ್ತೇವಿ, ನೀವು ಉಣ್ರಿ,” ಎಂದರು.

ಯಾರೂ ನಂಬಲಿಲ್ಲ. ಅಷ್ಟರಲ್ಲಿ ತಮ್ಮ ಒಂದು ಹೊರೆ ಎತ್ತಿ ಹಲಗೆ ಏಣಿ ಹತ್ತಿಯೇಬಿಟ್ಟಿದ್ದ. ಕಾಕಾ ಎರಡನೆಯ ಮೆಟ್ಟಿಲಿಗೇ ತೂರಾಡಿದರು. ಗ್ಯಾಂಗಿನ ಒಬ್ಬ ಹೆಣ್ಣುಮಗಳು ಬಾಯಿಗೆ ಸೆರಗು ಒತ್ತಿ ನಗುತ್ತ ಮುಂದೆ ಬಂದು, ತನ್ನ ತಲೆಯ ಸಿಂಬಿ ತೆಗೆದು ಅವರ ತಲೆಯ ಮೇಲಿಟ್ಟು, ಹೊರೆಯ ಭಾರ ಎಲ್ಲಿ ಕೂರಬೇಕೆಂದು ತೋರಿಸಿದಳು. ನಾನೂ ಹೊತ್ತೆ. ಕಬ್ಬಿನ ಗರಿ ಕೊರಳು ಕೊಯ್ಯಿತು, ಕಾಲು ಕೆಸರಿನಲ್ಲಿ ಕುಸಿಯಿತು. ಆದರೂ ಒಂದು ಹೊರೆ ಹಾಕಿ ಇನ್ನೊಂದಕ್ಕೆ ಓಡುತ್ತಿದ್ದೆ. ಅಷ್ಟು ಖುಷಿ ನನಗೆ ಯಾವ ಹಬ್ಬದಲ್ಲೂ ಆಗಿರಲಿಲ್ಲ. ಅತ್ತ ಕಡೆ ಅರವತ್ತು ಜನ ಸಾಲಾಗಿ ಕುಳಿತು ಉಣ್ಣುತ್ತಿದ್ದರು, ಅತ್ತೆ ಕೆಸರು ತುಳಿಯುತ್ತ “ಇನ್ನೊಂದ ಸ್ವಲ್ಪ ಹಾಕಸ್ಕೋರಿ” ಎಂದು ಒತ್ತಾಯ ಮಾಡುತ್ತಿದ್ದಳು.

ನೀರು ಕುಡಿಯಲು ಬಂದಾಗ ಅವ್ವನೂ ಆ ಮುದುಕಿಯೂ ಮಾತಾಡುವುದು ಕೇಳಿಸಿತು.

“ಯುಗಾದಿಗೆ ನಾವು ನಮ್ಮೂರಿಗೆ ಹೋಗ್ತೇವಿ. ಈ ಊಟಾ ಹೆಂಗ ತೀರಸೂದು?” ಎಂದಳು ಮುದುಕಿ.

“ತೀರಸಬ್ಯಾಡ್ರಿ. ಮ್ಯಾಲ ದೇವರ ಮನ್ಯಾಗ ಒಂದ ಊಟಾ ಐತಿ. ಅಲ್ಲೆ ನನ್ನ ಬಾಜೂಕ ಬಂದ ಕುಂಡ್ರಿ, ಅಷ್ಟ ಸಾಕು.”

ಮುದುಕಿ ತುತ್ತು ಕೈಯಲ್ಲಿ ಹಿಡಿದು ವಿಚಾರ ಮಾಡಿದಳು. “ಅಲ್ಲೆ ಕಬ್ಬ ಕಡಿಯೂದು ಇರೂದಿಲ್ಲಲ್ಲ?”

“ಇರೂದಿಲ್ಲ. ಸಾಲಿ ಅಡಗಿನೂ ಇರೂದಿಲ್ಲ. ಬಡಸವರು ಬ್ಯಾರೆ ಇರ್ತಾರ, ನಾವಿಬ್ರೂ ಕುಂತ ಉಣ್ಣೂದ.”

ಆಸ್ಪತ್ರೆಯಲ್ಲಿ ನಾನು ಸಾವು ನೋಡಿದ್ದೆ. ಸ್ವರ್ಗ ಎನ್ನುವುದು ಮಣ್ಣು ಮಾಡುವಾಗ ಆಡುವ ಮಾತಷ್ಟೇ ಎಂದು ನನಗೆ ಗೊತ್ತಿಲ್ಲದೆಯೇ ಅಂದುಕೊಂಡಿದ್ದೆ. ಅವ್ವ ಅದನ್ನು ಬರುವ ವಾರದ ತವರಿನ ಕರೆಯ ಹಾಗೆ ಹೇಳಿದಳು. ನೀರಿನ ಲೋಟ ಹಿಡಿದು ಅಲ್ಲೇ ನಿಂತೆ. ನನಗೂ ಅಲ್ಲಿಗೆ ಹೋಗಬೇಕೆನ್ನಿಸಿದ್ದು ಅವತ್ತೇ ಮೊದಲು.

ಉಂಡವರೂ ಉಣ್ಣದವರೂ ಸೇರಿ ಟ್ರೇಲರು ನೂಕಿದೆವು, ಹೊತ್ತು ಮುಳುಗುವ ಮೊದಲೇ ಅದು ಡಾಂಬರು ರಸ್ತೆ ಹತ್ತಿತು. ನಮ್ಮ ಪಾಲಿಗೆ ಉಳಿದದ್ದು ರೊಟ್ಟಿ, ಹಂಡೆಯ ತಳದ ಸಾರು, ಕರದಂಟು. ಕಾಕಾ ಮೂರು ರೊಟ್ಟಿ ಹೊಡೆದರು.

ಮುಂದಿನ ವರ್ಷ ಬೇರೆ ಗ್ಯಾಂಗ್ ಬಂತು. ಅವ್ವ ಆ ಮುದುಕಿಯನ್ನು ಕೇಳಿಕೊಂಡು ಗುಡಿಸಲಿಂದ ಗುಡಿಸಲಿಗೆ ತಿರುಗಿದಳು, ಯಾರಿಗೂ ಗೊತ್ತಿರಲಿಲ್ಲ. ಊಟ ಮಾತ್ರ ನಿಲ್ಲಲಿಲ್ಲ. ಫಾಲ್ಸಿನಲ್ಲಿ ಕಾಕಾ ತಮ್ಮ ಪಾಳಿಗೆ ರಸ್ತೆ ಕೆಲಸದವರನ್ನು ಹುಡುಕಿ ತಂದರು. ಈ ವರ್ಷ ಹುಕ್ಕೇರಿಯ ಪಾಳಿ, ಇಟ್ಟಂಗಿ ಭಟ್ಟಿಯ ಎಂಬತ್ತು ಜನ ಬರುತ್ತಾರಂತೆ. ಮೊಣಕಾಲು ನೋವಿನ ಅವ್ವ ನಾಲ್ಕು ದಿನ ಮೊದಲೇ ಹೋಗಿ ಅತ್ತೆಯ ಪಡಸಾಲೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತ ಕುಳಿತಿದ್ದಾಳೆ. ನನಗೂ ರಜೆ ಸಿಕ್ಕಿದೆ. ನಾಳೆ ಬೆಳಗಿನ ಮೊದಲ ಬಸ್ಸಿಗೆ ಗೋಕಾಕ ಬಿಡುತ್ತೇನೆ.