ಅತ್ತೆ ಪೋರ್ಚುಗಲ್ಲನ್ನು ಊಟಕ್ಕೆ ಕರೆದದ್ದು

ಕಾಲೇಜಿನಲ್ಲಿ ಇಪ್ಪತ್ತು ವರ್ಷ ಭೂಗೋಳ ಪಾಠ ಮಾಡಿ, ಯುರೋಪಿನ ನಕಾಶೆ ಬರೆಸಿ ಬರೆಸಿ ಕೈ ಸೋತ ಮೇಲೆ, ಒಮ್ಮೆಯಾದರೂ ಅಲ್ಲಿಗೆ ಹೋಗಿ ಬೆನ್ನಿಗೊಂದು ಚೀಲ ಹಾಕಿಕೊಂಡು ಒಬ್ಬಳೇ ತಿರುಗಬೇಕೆಂದು ಹಟ ಹಿಡಿದೆ. ಬೈಲಹೊಂಗಲದಲ್ಲಿ ಅರಿವೆ ಅಂಗಡಿ ನಡೆಸುವ ನನ್ನ ಗಂಡ ಮೊದಲು ನಕ್ಕರು, ಆಮೇಲೆ "ಆತು, ಹೋಗಿ ಬಾ" ಎಂದರು. ನಾನು ಕುಣಿಯುವುದೊಂದು ಬಾಕಿ. ಅಷ್ಟರಲ್ಲಿ ಕಾಳು ಹಸನು ಮಾಡುತ್ತ ಕೂತಿದ್ದ ಅತ್ತೆ ಮೊರದಿಂದ ತಲೆಯನ್ನೂ ಎತ್ತದೆ, "ನಾನೂ ಬರ್ತೇನಿ" ಎಂದುಬಿಟ್ಟರು.

ಅಯ್ಯ ಶಿವನೇ! ಅವರಿಗೆ ಅರವತ್ತೆಂಟು ವರ್ಷ. ತವರು ಮನೋಳಿ, ಅತಿ ದೂರದ ಪ್ರವಾಸವೆಂದರೆ ಶ್ರೀಶೈಲ. ನನ್ನ ಮೇಲೆ ಕಾವಲಿಗೆ ಬರುತ್ತಿದ್ದಾರೆ ಎಂದೇ ನಾನು ತಿಳಿದೆ. ಗಂಡನ ಮೇಲೆ ಎರಡು ದಿನ ಹರಿಹಾಯ್ದೆ. ಏನೂ ನಡೆಯಲಿಲ್ಲ. ಕೊನೆಗೆ ಇಳಕಲ್ ಸೀರೆ, ಬಿಳಿ ಬೂಟು, ಬೆನ್ನಿಗೊಂದು ನೀಲಿ ಚೀಲ ಹಾಕಿಕೊಂಡು ಅತ್ತೆ ವಿಮಾನ ಹತ್ತಿದರು. "ಈ ವಯಸ್ಸಿನಾಗ ನನ್ನ ಬೆನ್ನಿಗೆ ಪಾಟಿಚೀಲ ಹಾಕಿದೆಲ್ಲಾ" ಎಂದು ದಾರಿಯುದ್ದಕ್ಕೂ ನನಗೇ ಬೈದರು. ಬಾ ಎಂದು ಕರೆದವರು ಯಾರೋ!

ನಾವು ಹೋದದ್ದು ಪೋರ್ಚುಗಲ್ಲಿನ ಒಂದು ಗುಡ್ಡದ ಊರಿಗೆ. ಕಲ್ಲು ಹಾಸಿದ ಓಣಿಗಳು, ಕಿಟಕಿಗೊಂದು ಹೂವಿನ ಕುಂಡ, ಕೆಳಗೆ ನದಿ. ನಾನು ಬಾಯಿ ತೆರೆದು ನಿಂತಿದ್ದೆ. ಅತ್ತೆ ನದಿ ನೋಡಿ, "ನಮ್ಮ ಮಲಪ್ರಭಾ ಇದಕ್ಕಿಂತ ಚಲೋ ಅದಾಳ" ಎಂದು ಮುಂದೆ ನಡೆದರು.

ಅವರನ್ನು ಕಂಗೆಡಿಸಿದ್ದು ಬೇರೆಯೇ ಸಂಗತಿ. ಅಲ್ಲಿಯವರು ಹೋಟೆಲಿನ ಮೇಜು ಕುರ್ಚಿಗಳನ್ನು ರಸ್ತೆಗೇ ಹಾಕಿಕೊಂಡು ಉಣ್ಣುತ್ತಾರೆ. ನಾವು ಪಕ್ಕದಲ್ಲೇ ಸೀರೆ ತಾಗಿಸಿಕೊಂಡು ಹಾದುಹೋದರೂ ತಲೆ ಎತ್ತುವುದಿಲ್ಲ. ನಮ್ಮ ಕಡೆ ಉಣ್ಣುವವರು ಎದುರಿಗೆ ಬಂದವರಿಗೆ "ಬರ್ರಿ, ಊಟ ಮಾಡೋಣು" ಅನ್ನಬೇಕು, ಬಂದವರು "ಆಗ್ಲಿ, ನೀವು ಮಾಡ್ರಿ" ಅಂದು ಹೋಗಬೇಕು. ಯಾರೂ ಬಂದು ಕೂಡುವುದಿಲ್ಲ, ಆದರೂ ಅನ್ನದಿದ್ದರೆ ಅದು ಮನೆತನವೇ ಅಲ್ಲ. "ಇಷ್ಟು ಮಂದಿ ಉಣ್ಣಾಕ ಹತ್ಯಾರ, ಒಬ್ಬರರೇ ಬರ್ರಿ ಅಂದ್ರೇನು?" ಎಂದು ಅತ್ತೆ ಸಿಟ್ಟಾದರು. ಎರಡನೆಯ ದಿನ ಮತ್ತೂ ವಿಚಿತ್ರ. ಯಾರೂ ಕರೆಯದಿದ್ದರೂ ಪ್ರತಿ ಮೇಜಿಗೂ ಕೈ ಎತ್ತಿ, "ಆಗ್ಲಿ, ಮಾಡ್ರಿ ಮಾಡ್ರಿ" ಎನ್ನುತ್ತ ನಡೆದರು. ಮೀನು ತಿನ್ನುತ್ತಿದ್ದ ಒಬ್ಬ ದಪ್ಪ ಮನುಷ್ಯ ಗಾಬರಿಯಾಗಿ ಎದ್ದು ನಿಂತು ನಮಸ್ಕಾರ ಮಾಡಿದ.

ಅತ್ತೆಯ ಊಟವೇ ನನ್ನ ದೊಡ್ಡ ಚಿಂತೆಯಾಗಿತ್ತು. ಬೇಕರಿಯಲ್ಲಿ ಮಾಂಸದ ಬನ್ನನ್ನೂ ಬರೀ ಬ್ರೆಡ್ಡನ್ನೂ ಒಂದೇ ಚಿಮಟದಿಂದ ಎತ್ತುವುದನ್ನು ನೋಡಿದವರೇ, "ನಾ ಒಲ್ಲೆ" ಎಂದು ಹೊರಗೆ ಬಂದಿದ್ದರು. ಅವರ ಆಸರೆಯೆಂದರೆ ಊರಿನಿಂದ ಹೊತ್ತು ತಂದ, ಒಣಗಿಸಿದ ಕಟಕ ಜೋಳದ ರೊಟ್ಟಿ ಮತ್ತು ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ. ಹೊತ್ತಿಗೆ ಎರಡರಂತೆ ತಿಂದರೆ ಹತ್ತು ದಿನಕ್ಕೆ ಸರಿಹೋಗುತ್ತಿತ್ತು. ರೊಟ್ಟಿ ತೀರಿದರೆ ಅವರು ಉಪವಾಸ, ಅವರು ಉಪವಾಸ ಬಿದ್ದರೆ ನನ್ನ ಪ್ರವಾಸ ಅಲ್ಲಿಗೇ ಮುಗಿಯಿತು. ಇಪ್ಪತ್ತು ವರ್ಷದ ಆಸೆ ಒಂದು ಸ್ಟೀಲ್ ಡಬ್ಬಿಯ ಮೇಲೆ ನಿಂತಿತ್ತು.

ಮೂರನೆಯ ದಿನ ಮಧ್ಯಾಹ್ನ ಚೌಕದ ಬೆಂಚಿನ ಮೇಲೆ ಅತ್ತೆ ಡಬ್ಬಿ ಬಿಚ್ಚಿದರು. ಕಸ ಗುಡಿಸುತ್ತ ಒಬ್ಬ ಹೆಂಗಸು ಬಂದಳು. ಕಿತ್ತಳೆ ಬಣ್ಣದ ಜಾಕೀಟು, ಐವತ್ತರ ಆಸುಪಾಸು. ಅತ್ತೆ ರೂಢಿಯಂತೆ, "ಬಾ ತಂಗಿ, ಊಟ ಮಾಡೋಣು" ಎಂದು ಕೈ ಮಾಡಿದರು. ಆಕೆಗೇನು ಗೊತ್ತು ನಮ್ಮ ಶಾಸ್ತ್ರ? ಪೊರಕೆಯನ್ನು ಮರಕ್ಕೆ ಒರಗಿಸಿ, ಕೈ ತೊಳೆದು ಬಂದು ಕೂತೇಬಿಟ್ಟಳು!

ಅತ್ತೆ ಒಂದು ಕ್ಷಣ ಪಿಳಿಪಿಳಿ ನೋಡಿದರು. ಆಮೇಲೆ ಮುಖ ಅರಳಿತು ನೋಡಿ, ನನ್ನ ಮದುವೆಯಲ್ಲೂ ಅಷ್ಟು ಅರಳಿರಲಿಲ್ಲ. ಒಂದು ರೊಟ್ಟಿ, ಇನ್ನೊಂದು, ಮತ್ತೊಂದು. ಹಿಂಡಿಯ ಖಾರಕ್ಕೆ ಆಕೆಯ ಕಣ್ಣಲ್ಲಿ ನೀರು ಬಂದರೂ ಬಿಡಲಿಲ್ಲ. ಅತ್ತೆ ಕನ್ನಡದಲ್ಲಿ, ಆಕೆ ತನ್ನ ಭಾಷೆಯಲ್ಲಿ, ಅರ್ಧ ತಾಸು ಮಾತಾಡಿದರು. ಏಳುವಾಗ ಅತ್ತೆ, "ಮನ್ಯಾಗ ಮಕ್ಕಳಿರ್ತಾವ" ಎಂದು ಉಳಿದದ್ದನ್ನೆಲ್ಲ ಕಾಗದದಲ್ಲಿ ಸುತ್ತಿ ಆಕೆಯ ಕೈಗಿಟ್ಟರು. ಡಬ್ಬಿಯಲ್ಲಿ ಚೂರು ಸಹ ಉಳಿಯಲಿಲ್ಲ.

ನನಗೆ ತಡೆಯಲಾಗಲಿಲ್ಲ. "ನಿಮಗ ಬುದ್ಧಿ ಐತೇನ್ರಿ? ನಾಳಿಂದ ಏನ್ ತಿಂತೀರಿ, ಕಲ್ಲು? ನಿಮ್ಮನ್ನ ಕರ್ಕೊಂಡ ಬಂದದ್ದ ನಂದು ತಪ್ಪಾತು" ಎಂದು ಚೌಕದ ಪಾರಿವಾಳಗಳೆಲ್ಲ ಹಾರಿಹೋಗುವ ಹಾಗೆ ಕೂಗಿದೆ. ಅತ್ತೆ ಡಬ್ಬಿಯ ಮುಚ್ಚಳ ಹಾಕಿ, "ಹಸಿವಿ ನಂದು, ನಿಂಗೇನು?" ಎಂದಷ್ಟೇ ಹೇಳಿದರು. ಸಂಜೆ ನಾನು ಬ್ರೆಡ್ ತಂದಿಟ್ಟು ಫೋನ್ ನೋಡುತ್ತ ನಿಂತೆ, ಅವರು ಮುಟ್ಟಲಿಲ್ಲ. ಒಂದು ಬಾಳೆಹಣ್ಣು ತಿಂದು ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಮರುದಿನ ಬೆಳಗ್ಗೆ ಅದೂ ಬೇಡವೆಂದರು. ನಾನು ಫೋನಿನಲ್ಲಿ ವಾಪಸು ಹೋಗುವ ಟಿಕೆಟ್ ಹುಡುಕತೊಡಗಿದೆ. ಅಳು ಬರುತ್ತಿತ್ತು, ಸುಳ್ಳೇಕೆ ಹೇಳಲಿ.

ಮಧ್ಯಾಹ್ನ ಅದೇ ಚೌಕದಲ್ಲಿ ಅತ್ತೆ ಮರದ ನೆರಳಿಗೆ, ನಾನು ಟಿಕೆಟ್ ನೋಡುತ್ತ ನಿಂತಿದ್ದಾಗ ಆ ಹೆಂಗಸು ಓಡುತ್ತ ಬಂದಳು. ಕೈಯಲ್ಲಿದ್ದ ಬಟ್ಟೆಯ ಗಂಟು ಬಿಚ್ಚಿದರೆ ಒಳಗೆ ಮನೆಯಲ್ಲಿ ಸುಟ್ಟ ಗೋವಿನಜೋಳದ ಬ್ರೆಡ್ಡು, ದಪ್ಪಗೆ, ಮೇಲೆಲ್ಲ ಬಿರುಕು. ಬೆಂಚಿನ ಮೇಲೆ ಕೂತು ಪಕ್ಕದ ಜಾಗ ತಟ್ಟಿ ಅತ್ತೆಯನ್ನು ಕರೆದಳು. ಅತ್ತೆ ಹೋಗಿ ಕೂತು, ಒಂದು ತುಂಡು ಮುರಿದು, ಏನನ್ನೂ ಕೇಳದೆ ಬಾಯಿಗೆ ಹಾಕಿಕೊಂಡರು!

ನನಗೆ ಮೈಯೆಲ್ಲ ಉರಿಯಿತು. "ನಿನ್ನೆ ನಾ ಬ್ರೆಡ್ ತಂದ್ರ ಮುಟ್ಟಲಿಲ್ಲ. ಈಕಿಗೆ ಚಿಮಟ ಯಾವುದು ಅಂತ ಕೇಳಿದ್ರೇನು?"

ಅತ್ತೆ ಅಗಿಯುತ್ತಲೇ ನನ್ನನ್ನು ನೋಡಿದರು. ದನಿಯಲ್ಲಿ ಸಿಟ್ಟಿರಲಿಲ್ಲ. "ನೀ ತಂದು ಮುಂದಿಟ್ಟು ಫೋನ್ ನೋಡ್ಕೋತ ನಿಂತಿ. ಈಕಿ ಜೋಡಿ ಕುಂತಾಳ. ಇಪ್ಪತ್ತೆರಡು ವರ್ಷ ಹೊತ್ತಿಗೆ ಸರಿಯಾಗಿ ನೀಡಿದಿ, ಇಲ್ಲ ಅನ್ನಂಗಿಲ್ಲ. ಒಂದ್ ದಿನಾನೂ ನನ್ನ ಜೋಡಿ ಕುಂತು ಉಂಡಿಲ್ಲವ್ವಾ ನೀ. ಅದಕ್ಕ ಬಂದೆ ನಾ, ಇಲ್ಲಿಗೆ."

ಏನೂ ತಿಳಿಯದ ಆ ಹೆಂಗಸು ಸರಿದು ಜಾಗ ಮಾಡಿಕೊಟ್ಟಳು. ಫೋನು ಆರಿಸಿ ಅತ್ತೆಯ ಪಕ್ಕದಲ್ಲಿ ಕೂತೆ. ಮೊದಲ ತುತ್ತನ್ನೇ ದೊಡ್ಡದಾಗಿ ತುಂಬಿಕೊಂಡು ಕೆಮ್ಮಿದೆ. ಅತ್ತೆ ಬೆನ್ನು ತಟ್ಟಿ, ನೀರಿನ ಬಾಟಲಿಯನ್ನು ಮುಂದೆ ಹಿಡಿದರು.

"ಸಾವಕಾಶ ತಿನ್ನು. ಇನ್ನೂ ಆರು ದಿನ ಅದಾವು."