ಬೂಟು ಕಳಚದ ಮದುಮಗ

ನಮ್ಮ ಭಾವ ಶೇಷಗಿರಿರಾಯರನ್ನು ಯಾರಾದರೂ ಹಿಂದಿನಿಂದ ಕೂಗಿದರೆ ಅವರು ಕತ್ತು ತಿರುಗಿಸುತ್ತಿರಲಿಲ್ಲ. ತಿರುಗಿಸುವ ಹಾಗೇ ಇರಲಿಲ್ಲ. ಗಂಜಿ ಹಾಕಿ ಹಲಗೆಯಂತೆ ಇಸ್ತ್ರಿ ಮಾಡಿಸಿದ ಕಾಲರು ಗಲ್ಲದವರೆಗೂ ಎದ್ದು ನಿಂತಿರುತ್ತಿತ್ತು. ಮೊದಲು ಅವರು ನಡೆಯುವುದನ್ನು ನಿಲ್ಲಿಸುತ್ತಿದ್ದರು. ಆಮೇಲೆ ಕಾಲುಗಳನ್ನು ಸಣ್ಣಸಣ್ಣಗೆ ಎತ್ತಿಡುತ್ತ, ಇಕ್ಕಟ್ಟು ಬೀದಿಯಲ್ಲಿ ಎತ್ತಿನ ಗಾಡಿ ತಿರುಗಿಸುವವರ ಹಾಗೆ ಇಡೀ ಮೈಯನ್ನೇ ತಿರುಗಿಸುತ್ತಿದ್ದರು. ಅಷ್ಟರಲ್ಲಿ ಕೂಗಿದವನು ಎಷ್ಟೋ ಸಲ ಹೊರಟೇ ಹೋಗಿರುತ್ತಿದ್ದ.

ಮುಳಬಾಗಿಲಿನಲ್ಲಿ ಅವರು ಇಂಗ್ಲಿಷ್ ಮೇಷ್ಟರು. ಆ ಕಾಲಕ್ಕೆ ಮೇಷ್ಟರೆಂದರೆ ಕಚ್ಚೆಪಂಚೆ, ಕ್ಲೋಸ್ ಕೋಟು, ತಲೆಗೊಂದು ಪೇಟ. ಭಾವನಿಗೆ ಅಷ್ಟು ಸಾಲದು. ಬಿಳಿಯರಿದ್ದ ಬೆಂಗಳೂರಿನ ದಂಡಿನಿಂದ ಚಿತ್ರಗಳಿರುವ ಹಳೇ ಇಂಗ್ಲಿಷ್ ಪತ್ರಿಕೆಗಳನ್ನು ತರಿಸಿ, ಅವುಗಳಲ್ಲಿದ್ದಂತೆ ಷರಾಯಿ, ವೇಸ್ಟ್‌ಕೋಟು, ಅದರ ಮೇಲೆ ಉಣ್ಣೆ ಕೋಟು, ಟೈ, ಬೂಟು ಎಲ್ಲ ಹಾಕಬೇಕು. ಅದೂ ನಮ್ಮ ಕೋಲಾರದ ಕಡೆಯ ಚೈತ್ರ ವೈಶಾಖದಲ್ಲಿ! ಬಟ್ಟೆ ಒಗೆಯುವ ಮುನಿಯಪ್ಪ ಆ ಕಾಲರನ್ನು ಬೆರಳಿನಿಂದ ತಟ್ಟಿ ನೋಡಿ, "ಸ್ವಾಮಿ, ಇದನ್ನ ಕತ್ತಿಗ್ ಕಟ್ಕೊಂತೀರೋ, ಬಾಗ್ಲಿಗ್ ಹೊಡೀತೀರೋ?" ಎಂದು ಕೇಳಿದನಂತೆ. ಭಾವ ಕೋಪಿಸಿಕೊಳ್ಳಲಿಲ್ಲ. ಎಲ್ಲರಿಗೂ ಹೇಳುವ ಮಾತನ್ನೇ ಅವನಿಗೂ ಹೇಳಿದರು: "ಮೈಗೆ ಸುಖವಾಗಿದ್ರೆ ಅದು ಬಟ್ಟೆ ಕಣೋ. ಕಷ್ಟ ಆಯ್ತು ಅಂದ್ರೆ ತಿಳ್ಕೋ, ಅದು ಫ್ಯಾಷನ್ನು."

ನಮ್ಮಕ್ಕ ಜಾನಕಿಯನ್ನು ನೋಡಲು ಅವರು ಶ್ರೀನಿವಾಸಪುರದ ನಮ್ಮ ಮನೆಗೆ ಬಂದದ್ದೂ ಇದೇ ವೇಷದಲ್ಲಿ. ಚಾಪೆ ಹಾಸಿದೆವು. ಷರಾಯಿ ಎಷ್ಟು ಬಿಗಿಯಾಗಿತ್ತೆಂದರೆ ಮಂಡಿ ಮಡಿಸಲು ಆಗಲಿಲ್ಲ. ಅರ್ಧ ಬಗ್ಗಿ, ಎಲ್ಲೋ ಹೊಲಿಗೆ ಬಿಟ್ಟ ಸದ್ದು ಕೇಳಿ, ಹಾಗೇ ನೆಟ್ಟಗಾದರು. ಕೊನೆಗೆ ಅಪ್ಪ ಅವರನ್ನು ಮೂಲೆಯಲ್ಲಿದ್ದ ರಾಗಿ ಮೂಟೆಯ ಮೇಲೆ ಕೂರಿಸಿದರು.

ನಮ್ಮ ಮನೆಯಲ್ಲಿ ತಾತ ಇದ್ದರೂ ದರ್ಬಾರು ಅಜ್ಜಿಯದೇ. ರಾಯಲ್ಪಾಡಿನ ಮಾವಿನ ತೋಪಿನವರ ಹುಡುಗನ ಮೇಲೆ ಅವಳಿಗೆ ಆಗಲೇ ಕಣ್ಣಿತ್ತು. ಪಂಚೆ, ಹೆಗಲ ಮೇಲೊಂದು ವಸ್ತ್ರ, ಬಾಯಲ್ಲಿ ಮಾತಿಲ್ಲ. ಅಜ್ಜಿಗೆ ಗಂಡಸರು ಹಾಗಿರಬೇಕು. ರಾಗಿ ಮೂಟೆಯ ಮೇಲಿನ ದೊರೆಯನ್ನು ಮೇಲಿಂದ ಕೆಳಗೆ ನೋಡಿ, "ಏಮಯ್ಯಾ, ಈ ಬಿಸಿಲಿಗೆ ಇಷ್ಟೆಲ್ಲಾ ಯಾಕೆ ಕಟ್ಕೊಂಡಿದ್ದೀಯ?" ಅಂದಳು.

"ಇದೇನು ಮಹಾ ಅಜ್ಜಿ! ಇಂಗ್ಲಿಷರ ಸೀಮೇಲಿ ಹಿಂದೆ ದೊಡ್ಡ ಮನುಷ್ಯರು ಮೊಳದುದ್ದ ಮೂತಿಯ ಜೋಡು ಹಾಕಿ, ಆ ಮೂತೀನ ಸರಪಣೀಲಿ ಮಂಡಿಗೆ ಕಟ್ಕೋತಿದ್ರಂತೆ. ಹೆಂಗಸರು ತಿಮಿಂಗಿಲದ ಎಲುಬು ಹಾಕಿ ಸೊಂಟ ಬಿಗಿದು, ಉಸಿರು ಸಿಕ್ಕದೆ ಬಿದ್ದುಹೋಗ್ತಿದ್ರು. ಗಂಡಸರ ತಲೆ ಮೇಲೆ ಸುಳ್ಳುಕೂದಲು, ಅದರ ಮೇಲೆ ಹಿಟ್ಟು."

"ಯಾವ ಹಿಟ್ಟು?"

"ಗೋಧಿ ಹಿಟ್ಟೂ ಹಾಕ್ತಿದ್ರು ಅಂತ ಓದಿದ್ದೀನಿ."

"ತಿನ್ನೋ ಹಿಟ್ಟನ್ನ ತಲೆಗೆ ಸುರ್ಕೊಂಡ್ರಾ! ಅಂಥೋರಿಗೆ ಹುಡುಗಿ ಕೊಟ್ಟ ಪುಣ್ಯಾತ್ಮರ್ಯಾರು?"

ಬೇರೆ ಯಾರಾದರೂ ಅಲ್ಲಿಗೆ ಬಾಯಿ ಮುಚ್ಚುತ್ತಿದ್ದರು. ಭಾವ ಮೂಟೆಯ ಸಮೇತ ಅಜ್ಜಿಯ ಕಡೆ ತಿರುಗಿ, "ಅಜ್ಜಿ, ಓಲೆ ಭಾರಕ್ಕೆ ನಿಮ್ಮ ಕಿವಿ ಭುಜಕ್ಕೆ ಇಳಿದಿದೆಯಲ್ಲ, ಅದೇನು ತಂಪಾಗಿರ್ಲಿ ಅಂತ ಹಾಕ್ಕೊಂಡಿದ್ದಾ?" ಅಂದರು.

ತಾತ ಎದ್ದು ಹಿತ್ತಲಿಗೆ ಹೋದರು. ನಗಲು ಹೋದರೆಂದು ಎಲ್ಲರಿಗೂ ಗೊತ್ತು. ಬಾವಿಕಟ್ಟೆಯ ಹತ್ತಿರ ಅಕ್ಕ ನನ್ನ ರಟ್ಟೆ ಹಿಡಿದು, "ಪದ್ದು, ಅಜ್ಜಿಗೆ ಎದುರು ಮಾತಾಡಿ ಬದುಕಿದ ಗಂಡಸು ಇವರೊಬ್ಬರೇ ಕಣೇ. ಮದುವೆ ಅಂತಾದ್ರೆ ಇವರನ್ನೇ" ಅಂದಳು.

ಅಪ್ಪ ಮಗಳ ಕಡೆಗಿದ್ದರು. ಬಹಳ ದಿನ ಗುದ್ದಾಡಿದ ಮೇಲೆ ಅಜ್ಜಿ ಒಪ್ಪಿದಳು, ಆದರೆ ಒಂದು ಕರಾರು ಹಾಕಿ: "ಮುಹೂರ್ತಕ್ಕೆ ಸರಿಯಾಗಿ ಪಂಚೆ ಉಟ್ಟು, ಬರಿಗಾಲಲ್ಲಿ ಹಸೆ ಮೇಲೆ ಕೂರ್ಬೇಕು. ಗಳಿಗೆ ಮೀರಿದ್ರೆ ಅದೇ ಚಪ್ಪರದಲ್ಲಿ ರಾಯಲ್ಪಾಡಿನ ಹುಡುಗಂಗೆ ಕೊಡ್ತೀನಿ." ಬರಿ ಬಾಯಿಮಾತಲ್ಲ. ಆ ಹುಡುಗನನ್ನೂ ಅವನ ಅಪ್ಪ ಅಮ್ಮನನ್ನೂ ಮದುವೆಗೆ ಕರೆಸಿ ಮುಂದಿನ ಸಾಲಿನಲ್ಲೇ ಕೂರಿಸಿದಳು. ಊಟಕ್ಕೆ ಕರೆದದ್ದು ಅಂದಳು. ನಾವ್ಯಾರೂ ನಂಬಲಿಲ್ಲ.

ಮದುವೆಯ ದಿನ ಭಾವ ಲಕ್ಷಣವಾಗಿ ಪಂಚೆಯನ್ನೇ ಉಟ್ಟರು. ಅಷ್ಟಕ್ಕೆ ಸುಮ್ಮನಿದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಕಾಶೀಯಾತ್ರೆಯ ಶಾಸ್ತ್ರದಲ್ಲಿ ಮದುಮಗ ಕೊಡೆ ಹಿಡಿದು, ಕಾಲಿಗೆ ಮೆಟ್ಟು ಹಾಕಿ, ಸನ್ಯಾಸಕ್ಕೆ ಹೊರಟವನಂತೆ ನಾಲ್ಕು ಹೆಜ್ಜೆ ನಡೆಯಬೇಕಲ್ಲ, ಅಲ್ಲಿ ಇವರಿಗೆ ದಾರಿ ಸಿಕ್ಕಿತು. ಹೊಸದಾಗಿ ಬೆಂಗಳೂರಿನಿಂದ ತಂದ ಕರೀ ಬೂಟು ಹಾಕಿದರು. ದೊಡ್ಡ ಮನುಷ್ಯರ ಪಾದ ಚಿಕ್ಕದಾಗಿರುತ್ತದೆಂದು ಎಲ್ಲೋ ಓದಿ, ತಮ್ಮ ಅಳತೆಗಿಂತ ಚಿಕ್ಕದನ್ನೇ ಆರಿಸಿ ತಂದಿದ್ದರು. ಜನ ನೋಡುತ್ತಾರೆಂಬ ಉಮೇದಿನಲ್ಲಿ ನಾಲ್ಕು ಹೆಜ್ಜೆಯ ಬದಲು ಬೀದಿಯ ಕೊನೆಯವರೆಗೂ ಹೋದರು. ಅಪ್ಪ ಹಿಂದೆ ಓಡಿ, "ಕಾಶಿಗೆ ಹೋಗ್ಬೇಡಿ, ನನ್ನ ಮಗಳನ್ನ ಕೊಡ್ತೀನಿ" ಎಂದು ಏದುಸಿರಿನಲ್ಲಿ ಬೇಡಿ ಕರೆತಂದರು.

ಚಪ್ಪರಕ್ಕೆ ಬಂದು ಕಾಲು ತೊಳೆಸಿಕೊಳ್ಳಲು ಕೂತರೆ ಬೂಟು ಬರಲೊಲ್ಲದು. ಬಿಸಿಲಿಗೆ ಕಾಲು ಒಳಗೇ ಊದಿಕೊಂಡಿತ್ತು.

ಅಪ್ಪ ಎಳೆದರು. ಅಡಿಗೆಯವರಿಬ್ಬರು ಬಂದು ಎಳೆದರು. ಭಾವ ಮಣೆಯ ಸಮೇತ ಚಪ್ಪರದ ಉದ್ದಕ್ಕೂ ಜಾರಿಕೊಂಡು ಹೋದರೇ ಹೊರತು ಬೂಟು ಬಿಡಲಿಲ್ಲ. ಯಾರೋ ಹರಳೆಣ್ಣೆ ಸುರಿದರು. ಆಮೇಲೆ ಬೂಟು ಹಿಡಿಯಲು ಹೋದವರೆಲ್ಲ ಜಾರಿ ಹಿಂದಕ್ಕೆ ಬಿದ್ದರು. ಪುರೋಹಿತರು ಮುಹೂರ್ತ ಹತ್ತಿರ ಬಂತೆಂದು ಬೆವರು ಒರೆಸಿಕೊಳ್ಳುತ್ತ, "ಭರತ ಪಾದುಕೆಗೇ ಪೂಜೆ ಮಾಡಲಿಲ್ಲವೇ? ಬೂಟಿನ ಮೇಲೇ ನೀರು ಬಿಡಬಹುದು" ಅಂದರು.

"ಆ ಪಾದುಕೆ ಒಳಗೆ ರಾಮನ ಕಾಲು ಸಿಕ್ಕಿಹಾಕ್ಕೊಂಡಿರ್ಲಿಲ್ಲ ಶಾಸ್ತ್ರಿಗಳೇ!" ಎಂದಳು ಅಜ್ಜಿ.

"ಕೊಯ್ದುಬಿಡೋಣ" ಎಂದರು ಅಪ್ಪ. ಭಾವ ಎರಡು ಬೂಟನ್ನೂ ತಬ್ಬಿಕೊಂಡು, "ಬೇಡಿ ಮಾವ, ಇನ್ನೊಂದ್ಸಲ ಎಳೀರಿ" ಎಂದು ಗೋಗರೆದರು. ಮುಂದಿನ ಸಾಲಿನಲ್ಲಿ ರಾಯಲ್ಪಾಡಿನ ಹುಡುಗ ಎದ್ದು ನಿಂತು ವಸ್ತ್ರ ಸರಿಮಾಡಿಕೊಂಡ. ಅವನ ಕಾಲು ಬರಿಗಾಲು, ಶುದ್ಧವಾಗಿ ತೊಳೆದಿತ್ತು. ಒಳಗೆ ಅಕ್ಕನ ಮುಖ ಬಿಳಿಚಿಕೊಂಡಿತು. "ಬಂತೇನೇ? ಹೋಗಿ ನೋಡೇ" ಎಂದು ಅವಳು ನನ್ನನ್ನು ತಳ್ಳುತ್ತಿದ್ದಳು. ನನಗೂ ಅಳು ಬರುವ ಹಾಗಾಗಿತ್ತು. ಈ ಮನುಷ್ಯನ ಷೋಕಿಗೆ ನಮ್ಮಕ್ಕ ಕೈತಪ್ಪಿ ಹೋಗುತ್ತಾಳಲ್ಲ ಎಂದು ಅವರ ಮೇಲೆ ಕೆಟ್ಟ ಸಿಟ್ಟು ಬಂದಿತ್ತು.

ಅಜ್ಜಿ ಅಡುಗೆಮನೆಗೆ ಹೋಗಿ, ಉಪ್ಪಿನಕಾಯಿಗೆ ಮಾವಿನಕಾಯಿ ಹೆಚ್ಚುವ ದೊಡ್ಡ ಈಳಿಗೆಮಣೆ ಹಿಡಿದುಕೊಂಡು ಬಂದಳು. ಭಾವನ ಎದುರಿಗೆ ಕುಕ್ಕಿ ಇಟ್ಟು ಅವರ ಮುಖ ನೋಡಿದಳು. ಭಾವನ ಕಣ್ಣಲ್ಲಿ ನೀರು ತುಂಬಿತ್ತು.

"ಅಳೋದ್ಯಾಕೆ? ಬೂಟು ಹೋಗುತ್ತೆ ಅಂತಲೋ, ಹುಡುಗಿ ಹೋಗ್ತಾಳೆ ಅಂತಲೋ?"

ಚಪ್ಪರವೆಲ್ಲ ಕಿವಿಯಾಯಿತು. ಬುದ್ಧಿ ಇರುವ ಯಾವ ಗಂಡಾದರೂ ಹುಡುಗಿ ಅನ್ನುತ್ತಿದ್ದ.

"ಎರಡಕ್ಕೂ ಅಜ್ಜಿ" ಅಂದರು ಭಾವ.

ಅಜ್ಜಿ ಈಳಿಗೆಮಣೆಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು. "ಅಬ್ಬಬ್ಬ, ಇಂಥ ಹೊತ್ತಲ್ಲೂ ಸುಳ್ಳು ಹೇಳೋಕ್ಕೆ ಬರಲ್ವಲ್ಲೋ ಈ ಮುಂಡೇದಕ್ಕೆ! ಇವನೇ ಸರಿ ನಮ್ಮ ಹುಡುಗಿಗೆ. ಕಾಲಿಡೋ" ಅಂದಳು. ಮಡಿಯಲ್ಲಿದ್ದ ಅಜ್ಜಿ, ಎಲ್ಲರ ಎದುರಿಗೆ ಆ ಚರ್ಮವನ್ನು ಕೈಯಾರೆ ಹಿಡಿದು, ಎರಡು ಬೂಟನ್ನೂ ಹೊಲಿಗೆಯ ಗುಂಟ ಸರ್ರನೆ ಸೀಳಿದಳು. ಒಳಗಿನ ಕಾಲಿಗೆ ಒಂದು ಗೀರೂ ಆಗಲಿಲ್ಲ. ಆ ಕಾಲಿನ ಅವಸ್ಥೆಯನ್ನು ಮಾತ್ರ ಹೇಳಲಾರೆ, ಬರೀ ಬೊಬ್ಬೆ. ಅಪ್ಪ ನೀರು ಬಿಟ್ಟದ್ದೇ ತಡ, ಭಾವ ಕಿಟಾರನೆ ಕಿರುಚಿದರು. ಅದನ್ನೇ ಸನ್ನೆಯೆಂದು ತಿಳಿದ ವಾಲಗದವರು ಗಟ್ಟಿಮೇಳ ಶುರುಮಾಡಿಬಿಟ್ಟರು. ಆ ಗಲಾಟೆಯಲ್ಲಿ ಪುರೋಹಿತರು ಮಂತ್ರವನ್ನು ಓಡಿಸಿಕೊಂಡು ಹೋದರು, ಅಜ್ಜಿ ಇನ್ನೊಂದು ಸಲ ತಲೆಗೆ ನೀರು ಹಾಕಿಕೊಳ್ಳಲು ಓಡಿದಳು, ನಮ್ಮಕ್ಕನ ಮದುವೆ ಆಗಿಹೋಯಿತು. ರಾಯಲ್ಪಾಡಿನ ಹುಡುಗ ಪಾಯಸ ಚೆನ್ನಾಗಿ ಉಂಡು ಹೋದ.

ಭಾವ ಬುದ್ಧಿ ಕಲಿತರೆ? ಇಲ್ಲ. ಯುದ್ಧ ಬಂದು ಬಟ್ಟೆ ಸಿಕ್ಕುವುದೇ ಕಷ್ಟವಾದಾಗ ಕುರಿ ಕಂಬಳಿಯಲ್ಲೇ ಕೋಟು ಹೊಲಿಸಿಕೊಂಡರು. ಒಂದು ಕೈಯಲ್ಲಿ ಸೀಮೆಸುಣ್ಣ ಹಿಡಿದು, ಇನ್ನೊಂದು ಕೈಯಲ್ಲಿ ಮೈ ಕೆರೆದುಕೊಳ್ಳುತ್ತ ಪಾಠ ಮಾಡುತ್ತಿದ್ದರಂತೆ. ಬೆಳಿಗ್ಗೆ ಅವರು ಹೊರಡುವ ಮುಂಚೆ ಅಕ್ಕ ಬೆನ್ನೆಲ್ಲ ಒಮ್ಮೆ ಚೆನ್ನಾಗಿ ಕೆರೆದು ಕಳಿಸುತ್ತಿದ್ದಳು.

ಯುದ್ಧ ಮುಗಿದ ಮೇಲೊಂದು ಬೇಸಿಗೆಯಲ್ಲಿ ಭಾವನಿಗೆ ಜ್ವರವೆಂದು ತಿಳಿದು, ನಾನು ಗಂಡನ ಮನೆ ಮಾಲೂರಿನಿಂದ ಮುಳಬಾಗಿಲಿಗೆ ನೋಡಲು ಹೋದೆ. ಅಕ್ಕ ಬಾಗಿಲಲ್ಲೇ ತಡೆದು, "ಜಗಲಿ ಮೇಲೆ ಕೂತಿರೇ. ಬರೀ ಬನೀನಲ್ಲಿ ನಾದಿನಿಗೆ ಮುಖ ತೋರಿಸಲ್ವಂತೆ" ಎಂದು ಒಳಗೆ ಹೋದಳು. "ಕತ್ತು ಎತ್ತಿ ಅಂದ್ರೆ", "ಉಸಿರು ಬಿಗಿಹಿಡೀರಿ", ಮಧ್ಯೆ ಭಾವನ ಕೆಮ್ಮು, ಆಮೇಲೆ ಇಬ್ಬರದೂ ನಗು. ಎಷ್ಟು ಹೊತ್ತಾದರೂ ಮುಗಿಯಲಿಲ್ಲ. ವಾಪಸ್ಸು ಹೋಗುವ ಬಸ್ಸು ಹಾರನ್ ಹೊಡೆಯಿತು. ಅದು ಬಿಟ್ಟರೆ ಮಾರನೇ ದಿನವೇ.

"ಭಾವಾ, ಬಸ್ಸು ಬಂತು. ಮುಂದಿನ ವಾರ ಬರ್ತೀನಿ!"

"ಒಂದ್ನಿಮಿಷ ಕಣಮ್ಮಾ ಪದ್ದು! ಇನ್ನೊಂದೇ ಗುಂಡಿ!"

ನಾನು ನಗುತ್ತಲೇ ಬಸ್ಸಿಗೆ ಓಡಿದೆ. ಮುಂದಿನ ವಾರಕ್ಕೆ ಭಾವ ಇರಲಿಲ್ಲ.

ಆಮೇಲೆ ಅಕ್ಕ ಹೇಳಿದಳು. ಆ ಗುಂಡಿ ಹಾಕಿಕೊಂಡು, ಗೋಡೆ ಹಿಡಿದು ಹೊರಗೆ ಬಂದವರು ಖಾಲಿ ಜಗಲಿ ನೋಡಿ, "ಛೆ, ಇಷ್ಟೆಲ್ಲಾ ಮಾಡ್ಕೊಂಡು ಬಂದ್ರೆ ನೋಡೋರೇ ಇಲ್ವಲ್ಲೇ" ಎಂದು ಮುಖ ಸಣ್ಣ ಮಾಡಿದರಂತೆ. "ಯಾಕೆ, ನಾನಿಲ್ವಾ?" ಎಂದು ಅಕ್ಕ ಅವರನ್ನು ಕುರ್ಚಿಯಲ್ಲಿ ಕೂರಿಸಿ, ತಾನು ಎದುರಿಗೆ ಹೊಸ್ತಿಲ ಪಕ್ಕ ಕೂತು, ದೀಪ ಹಚ್ಚುವ ಹೊತ್ತಿನವರೆಗೂ ನೋಡುತ್ತಲೇ ಇದ್ದಳಂತೆ.